ನಾಲ್ಕು ದಿನ ಮಗ್ಗುಲು ತಿರುಗಿಸಿದವನು

ತೋಟದ ಕಾಲುವೆ ದಾಟುವಾಗ ಜಾರಿಬಿದ್ದು ಸುನಂದಾ ಸೊಂಟದ ಮೂಳೆ ಮುರಿದುಕೊಂಡಳು. ಮಗ ಬಾಲರಾಜು ದಂಡಿನಶಿವರದಿಂದ ಕಾರಿನಲ್ಲಿ ಮಲಗಿಸಿಕೊಂಡು ಬಂದು, ಕಿಬ್ಬನಹಳ್ಳಿ ಹತ್ತಿರದ ಟ್ರಸ್ಟ್ ಆಸ್ಪತ್ರೆಗೆ ಸೇರಿಸಿದ. ಸರ್ಕಾರದ ಅನುದಾನದಲ್ಲಿ ನಡೆಯುವ ಆಸ್ಪತ್ರೆ. ಆಪರೇಷನ್ ರೇಷನ್ ಕಾರ್ಡಿನ ಮೇಲೆ ಉಚಿತವಾಗಿಯೇ ಆಯಿತು.

ವಾರ್ಡಿನ ಅಟೆಂಡರ್ ಐವತ್ತು ದಾಟಿದವನು, ಮುಖಕ್ಕೆ ಸದಾ ಮಾಸ್ಕ್. "ನಿಧಾನ ಕಣಮ್ಮ, ನನ್ ಭುಜ ಹಿಡ್ಕೋ," ಎನ್ನುತ್ತ ನೋವಾಗದಂತೆ ಮಗ್ಗುಲು ತಿರುಗಿಸುತ್ತಿದ್ದ. ಒಳ್ಳೆಯವನು ಎಂದು ಸುನಂದಾ ಮಗನಿಗೆ ಹೇಳಿದ್ದಳು.

ಐದನೆಯ ದಿನ ಬೆಳಗ್ಗೆ ಅವನು ಕಿಟಕಿಯ ಬಳಿ ನಿಂತು ಮಾಸ್ಕ್ ಇಳಿಸಿ ಟೀ ಕುಡಿದ. ಸುನಂದಾ ಗುರುತು ಹಿಡಿದಳು. ಅವನು ಕೆಂಪಯ್ಯ. ಹದಿಮೂರು ವರ್ಷದ ಹಿಂದೆ ಕೊಬ್ಬರಿ ತುಂಬಲು ಲಾರಿಯಲ್ಲಿ ಬಂದಿದ್ದ ಆಳು. ತೂಕದ ವಿಷಯಕ್ಕೆ ಜಗಳವಾಗಿ, ಅಂಗಳದಲ್ಲೇ ಅವಳ ಗಂಡ ರಂಗಪ್ಪನ ಕುತ್ತಿಗೆಗೆ ಮಚ್ಚು ಬೀಸಿ ಕೊಂದವನು. ಹತ್ತು ವರ್ಷ ಶಿಕ್ಷೆಯಾಗಿತ್ತು.

"ಬಾಲ, ನಿಮ್ಮಪ್ಪನ್ನ ಕಡ್ದೋನು ಅವ್ನೇ ಕಣ್ಲಾ."

ಬಾಲರಾಜು ಸಲೈನ್ ಸ್ಟ್ಯಾಂಡ್ ಕಿತ್ತುಕೊಂಡು ಹೋಗಿ ಕೆಂಪಯ್ಯನ ತಲೆಗೆ ಬಾರಿಸಿದ. ಎರಡನೆಯ ಏಟಿಗೆ ಅವನ ಎಡ ಮೊಣಕೈ ಲಟಕ್ಕೆಂದಿತು.

"ಬುಡಪ್ಪ, ಶಿಕ್ಷೆ ಮುಗ್ಸಿ ಬಂದಿವ್ನಿ," ಎಂದ ಕೆಂಪಯ್ಯ.

ಮೂರನೆಯ ಏಟು ಹಲ್ಲಿಗೆ ಬಿತ್ತು. ಬಾಯಿಂದ ರಕ್ತ ಸುರಿಯುತ್ತಿದ್ದಂತೆ ಅವನ ಮುಖ ಬೇರೆಯೇ ಆಯಿತು. ಬಲಗೈಯಲ್ಲಿ ಸ್ಟ್ಯಾಂಡ್ ಕಸಿದು ಬಾಲರಾಜುವಿನ ಹೊಟ್ಟೆಗೆ ತಿವಿದ. ಬಗ್ಗಿದವನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಗಂಟಲು ಹಿಸುಕಿದ. ಬಾಲರಾಜುವಿನ ಕಾಲುಗಳು ನೆಲಕ್ಕೆ ಬಡಿದುಕೊಂಡವು.

ಸುನಂದಾ ಮಂಚದಿಂದ ಉರುಳಿದಳು. ಹೊಲಿಗೆ ಬಿಚ್ಚಿ ಸೀರೆ ನೆನೆಯಿತು. ತೆವಳಿ ಹೋಗಿ ಕೆಂಪಯ್ಯನ ಮಣಿಕಟ್ಟಿಗೆ ಹಲ್ಲು ಊರಿದಳು. ಅವನು ಅವಳ ಸೊಂಟಕ್ಕೇ ಒದ್ದ. ಅಷ್ಟರಲ್ಲಿ ನರ್ಸ್ ಜೀವಿತಾ ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಸ್ಪ್ಯಾನರ್ ಹಿಡಿದು ಓಡಿಬಂದು ಅವನ ಕಿವಿಯ ಹಿಂದಕ್ಕೆ ಹೊಡೆದಳು. ಒಂದು ಸಲ, ಇನ್ನೊಂದು ಸಲ. ಕೈ ಸಡಿಲವಾಯಿತು.

ಪೊಲೀಸರು ಆಸ್ಪತ್ರೆಯಿಂದ ಕೆಂಪಯ್ಯನ ನೇಮಕಾತಿ ಫೈಲ್ ತರಿಸಿದರು. 'ಪೊಲೀಸ್ ಪರಿಶೀಲನೆ' ಎಂಬ ಜಾಗದಲ್ಲಿ 'ನಂತರ ಸಲ್ಲಿಸಲಾಗುವುದು' ಎಂದಿತ್ತು. ಅದನ್ನು ಬರೆದು ಹನ್ನೊಂದು ತಿಂಗಳಾಗಿತ್ತು.

"ಈ ಕೆಲ್ಸಕ್ಕೆ ಜನಾನೇ ಸಿಕ್ತಿರ್ಲಿಲ್ಲ ಸಾರ್," ಎಂದ ಆಸ್ಪತ್ರೆಯ ಮ್ಯಾನೇಜರ್ ದಯಾನಂದ್.

"ಒಂದು ಅರ್ಜಿ ಕೊಟ್ಟಿದ್ರೆ ವಾರದಲ್ಲಿ ಗೊತ್ತಾಗ್ತಿತ್ತು ಕಣ್ರೀ," ಎಂದರು ಇನ್ಸ್‌ಪೆಕ್ಟರ್.

ಸುನಂದಾಳಿಗೆ ಮತ್ತೆ ಆಪರೇಷನ್ ಆಯಿತು. ಬಾಲರಾಜುವಿನ ದನಿ ಒಡೆದೇ ಉಳಿಯಿತು. ಅವನ ಮೇಲೂ ಹಲ್ಲೆಯ ಕೇಸಾಯಿತು. ಕೆಂಪಯ್ಯ ಜೈಲಿಗೆ ಹೋದ.

ಕೆಂಪಯ್ಯನ ವಿಚಾರಣೆಯ ದಿನ ಸುನಂದಾ ವಾಕರ್ ಹಿಡಿದು ಕೋರ್ಟಿಗೆ ಬಂದಳು. ಮೊದಲ ನಾಲ್ಕು ದಿನ ಆರೋಪಿ ನಿಮ್ಮನ್ನು ಹೇಗೆ ನೋಡಿಕೊಂಡ ಎಂದು ಅವನ ಕಡೆಯ ವಕೀಲರು ಕೇಳಿದರು.

"ಚೆನ್ನಾಗೇ ನೋಡ್ಕೊಂಡ," ಎಂದಳು. "ನನ್ ಗಂಡನ್ನ ಕಡ್ದಿದ್ದೂ ಅವ್ನೇ. ಅವ್ನು ಯಾರು ಅಂತ ಆಸ್ಪತ್ರೆಯೋರು ಮೊದ್ಲೇ ಹೇಳಿದ್ರೆ ನಾನು ಬ್ಯಾರೆ ಆಸ್ಪತ್ರೆಗೆ ಹೋಗ್ತಿದ್ದೆ ಸ್ವಾಮಿ. ನನ್ ಮಗ ಅವ್ನನ್ನ ಮುಟ್ತಾನೂ ಇರ್ಲಿಲ್ಲ."

ವಕೀಲರು ಕಾಗದ ಮಡಚಿ ಕುಳಿತರು.