ಹಳದಿ ವೈರಿನ ಸ್ವಿಚ್ಚು

ಹಳದಿ, ಇದೊಂದು ಹಳದಿ ಎಲ್ಲಿಂದ ಬಂತು, ಕೆಂಪು ಗೊತ್ತು, ಕಪ್ಪು ಗೊತ್ತು, ಇದು ಯಾರದು ಎಂದು ಮಾಲಿನಿ ಸ್ಟೂಲಿನ ಮೇಲೆ ನಿಂತು ಕತ್ತೆತ್ತಿ ನೋಡುತ್ತಿದ್ದಾಳೆ, ಬಿಚ್ಚಿದ ಹಳೆಯ ದೀಪ ಕೆಳಗೆ ಸೋಫಾದ ಮೇಲೆ ಬೋರಲು ಬಿದ್ದಿದೆ, ಚಾವಣಿಯ ತೂತಿನಿಂದ ಸಿಮೆಂಟಿನ ಪುಡಿ ರೆಪ್ಪೆಗೆ ಉದುರುತ್ತಿದೆ, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಮೇನ್ ಆಫ್ ಮಾಡಿದ್ದೇನೆ ತಾನೇ — ಮಾಡಿದೆ, ಫ್ಯಾನು ನಿಂತದ್ದನ್ನೂ ನೋಡಿದೆ, ಆದರೂ ಇಳಿದು ಇನ್ನೊಮ್ಮೆ ನೋಡಿಬಂದಳು, ಈ ಮನೆಯಲ್ಲಿ ಯಾವುದನ್ನೂ ಒಂದೇ ಸಲಕ್ಕೆ ನಂಬುವಂತಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ದೀಪಕ್ಕೆ ಎರಡೇ ವೈರು, ಅವಳೇ ಬಿಚ್ಚಿ ಅವಳೇ ಹಾಕಿದ್ದಳು, ಟಿಕೆಟ್ ಕೌಂಟರ್ ಮುಚ್ಚಿ ಬಂದರೆ ಯಾರಾದರೊಬ್ಬರು ಅಡುಗೆಮನೆಯ ತನಕ ನುಗ್ಗಿ ಸಾರು ಏನು ಅಂತ ಮುಚ್ಚಳ ತೆಗೆಯುತ್ತಿದ್ದರು. ಇದು ಸ್ವಂತ ಮನೆ, ಅರಸೀಕೆರೆಯ ಒಳ್ಳೆಯ ಬೀದಿ, ಒಳ್ಳೇ ಜನ ಮೇಡಂ ಅಂದಿದ್ದ ಮಾರಿದ ಇಂದ್ರೇಶ್, ಅಮ್ಮ ತೀರ್ಕಂಡ್ ಮೇಲೆ ನಮಗ್ಯಾಕೆ ಈ ಮನೆ, ಎಲ್ಲಾ ಸರಿ ಐತೆ, ನೀವು ಬಂದು ದೀಪ ಹಚ್ಚೋದೊಂದೇ ಬಾಕಿ. ಎಲ್ಲಾ ಸರಿ ಐತೆ. ದೀಪದಲ್ಲಿ ಎರಡು ಬಲ್ಬಿದ್ದವು, ದೊಡ್ಡದು ಸ್ವಿಚ್ಚಿಗೆ ಹತ್ತುತ್ತಿತ್ತು, ಪಕ್ಕದ ಪುಟ್ಟ ಕೆಂಪು ಬಲ್ಬು ಇವರು ಬರುವ ಮೊದಲೇ ಸುಟ್ಟುಹೋಗಿತ್ತು, ಹಳದಿ ವೈರು ಅದಕ್ಕೇ ಬಂದಿರಬೇಕು, ಸರಿ, ಹಾಗಾದರೆ ಅದರ ಸ್ವಿಚ್ಚು ಎಲ್ಲಿ.

ತೂತಿನೊಳಗೆ ಮೊಬೈಲ್ ಬೆಳಕು ಬಿಟ್ಟು ಇಣುಕಿದರೆ ವೈರಿನ ಪೈಪು ಮುಂಬಾಗಿಲ ಮೂಲೆಯ ಕಡೆ ತಿರುಗಿದೆ, ಆ ಮೂಲೆಯ ಗೋಡೆಯ ಆಚೆ ಕೆಂಪಲಕ್ಷ್ಮಮ್ಮನ ಮನೆ, ಗೋಡೆ ಒಂದೇ, ಎರಡು ಮನೆಗೂ ಅದೇ ಗೋಡೆ — ಅಷ್ಟು ಹತ್ತಿರವಿದ್ದೂ ಗೃಹಪ್ರವೇಶಕ್ಕೆ ಬರಲಿಲ್ಲ ಆಕೆ, ಬೀದಿಯವರು ಯಾರೂ ಬರಲಿಲ್ಲ, ವಿಹಾರದಿಂದ ಬಂದ ಬಂತೇಜಿ ಬುದ್ಧವಂದನೆ ಹೇಳಿಕೊಟ್ಟು ಎದ್ದರು, ಊಟದ ಎಲೆಗಳು ಹಾಸಿದ ಹಾಗೇ ಇದ್ದವು, ಇವತ್ತು ನಮ್ಮಲ್ಲಿ ಒಪ್ಪತ್ತು ಕಣವ್ವ ಅಂತ, ಕರೆಯಲು ಹೋದಾಗ ತನ್ನ ಬಾಗಿಲಲ್ಲೇ ನಿಂತು ಹೇಳಿದ್ದಳು ಕೆಂಪಲಕ್ಷ್ಮಮ್ಮ, ಇಡೀ ಬೀದಿಗೆ ಒಂದೇ ದಿನ ಒಪ್ಪತ್ತು. ಗಂಡ ಧರ್ಮೇಶ್ ನಗುತ್ತಾನೆ, ಬರ್ತಾರೆ ಬಿಡೇ, ನಿಂಗೆ ಎಲ್ಲದಕ್ಕೂ ಅನುಮಾನ. ಬಸ್ತಿಹಳ್ಳಿಯಿಂದ ಬಂದಿದ್ದ ಅವ್ವ ಹನುಮಮ್ಮ ಮಾತ್ರ ನಗಲಿಲ್ಲ, ಯಾರೂ ಬರಾಕಿಲ್ಲ ಮಗ, ಬಾಗಿಲು ನೋಡ್ಕಂಡ್ ಕೂರಬ್ಯಾಡ ಅಂದು ಉಳಿದ ಪಾಯಸವನ್ನು ಡಬ್ಬಿಗೆ ತುಂಬಿಕೊಂಡು ಹೋದಳು. ಅನುಮಾನವಂತೆ, ಮೊನ್ನೆ ಕರೆಂಟಿನವನು ಬಂದನಲ್ಲ, ದೀಪ ನೋಡಲಿಲ್ಲ, ಬುದ್ಧನ ಪಟ ನೋಡಿದ, ಯಾವ್ ಕಡೆಯೋರು ಮೇಡಂ ನೀವು ಅಂದ, ಬಸ್ತಿಹಳ್ಳಿ ಕಡೆ ಅಂದರೆ ಅದಲ್ಲ ಮೇಡಂ ಅಂದ, ಸಾಯಂಕಾಲ ಬತ್ತೀನಿ ಅಂದವನು ಇವತ್ತಿಗೂ ಬಂದಿಲ್ಲ, ಅದಕ್ಕೇ ರಜೆಯ ಮಧ್ಯಾಹ್ನ ನಾನು ಸ್ಟೂಲಿನ ಮೇಲೆ ನಿಂತಿರುವುದು. ಮೂರು ವೈರಿನ ತುದಿಗಳನ್ನೂ ಒಂದಕ್ಕೊಂದು ತಾಗದಂತೆ ದೂರ ದೂರ ಬಾಗಿಸಿ, ಇಳಿದು ಮೇನ್ ಹಾಕಿ, ಮತ್ತೆ ಹತ್ತಿ ಟೆಸ್ಟರ್ ಮುಟ್ಟಿಸಿದಳು, ಕೆಂಪಿಗೆ ಟೆಸ್ಟರಿನ ಹೊಟ್ಟೆಯೊಳಗೆ ಕಿಡಿಯಷ್ಟು ಬೆಳಕು, ಸ್ವಿಚ್ಚು ಆರಿಸಿದರೆ ಇಲ್ಲ, ಕಪ್ಪಿಗೆ ಯಾವಾಗಲೂ ಇಲ್ಲ, ಅದು ನ್ಯೂಟ್ರಲ್ಲು, ಸರಿ. ಹಳದಿಗೆ ಇಲ್ಲ. ಹಾಲಿನ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಹಾಕಿದಳು, ಅಡುಗೆಮನೆಯದು, ಬಚ್ಚಲಿನದು, ಇಳಿದು ಹಾಕುವುದು ಹತ್ತಿ ಮುಟ್ಟಿಸುವುದು, ಮೊಣಕಾಲು ನೋಯತೊಡಗಿತು, ಹಳದಿ ಯಾವುದಕ್ಕೂ ಬಾಯಿ ಬಿಡಲಿಲ್ಲ. ನಮ್ಮ ಮನೆಯ ಸ್ವಿಚ್ಚಿಗೆ ಹತ್ತದ ವೈರು ನಮ್ಮ ಮನೆಯದಲ್ಲ. ನಮ್ಮ ಚಾವಣಿಯೊಳಗಿಂದ ಗೋಡೆ ದಾಟಿ ಅವರಿಗೆ ಹೋಗಿರಬೇಕು, ಇಂದ್ರೇಶನಿಗೂ ಗೊತ್ತಿರಬೇಕು, ಬೀದಿಗೆಲ್ಲ ಗೊತ್ತಿರಬೇಕು, ನಮ್ಮ ಮನೆಗೆ ಕಾಲಿಡಲು ಒಪ್ಪತ್ತು, ನಮ್ಮ ಮೀಟರಿಗೆ ಒಪ್ಪತ್ತಿಲ್ಲ. ಬೇಲೂರಿಗೆ ಡ್ಯೂಟಿ ಮೇಲೆ ಹೋಗಿದ್ದ ಧರ್ಮೇಶನಿಗೆ ಫೋನ್ ಹಚ್ಚಿದರೆ, ಅಯ್ಯೋ ನೀನ್ಯಾಕೆ ಹತ್ತಿದ್ಯೇ, ಇಂದ್ರೇಶನ್ನ ಕೇಳ್ತೀನಿ, ನಾನು ಬರೋತಂಕ ಅದನ್ನ ಮುಟ್ಬೇಡ. ಕೇಳು, ಕೇಳು, ಎಲ್ಲಾ ಸರಿ ಐತೆ ಅಂತಾನೆ.

ಕೊನೆಯ ಸಲ, ಇದೊಂದು ಸಲ ಎಂದುಕೊಂಡು ಟೆಸ್ಟರನ್ನು ಹಳದಿಗೆ ಒತ್ತಿ ಹಿಡಿದಿದ್ದಾಳೆ, ಹತ್ತಿತು. ಯಾವ ಸ್ವಿಚ್ಚನ್ನೂ ಮುಟ್ಟಿಲ್ಲ, ಕೈಯಲ್ಲಿ ಟೆಸ್ಟರು ಮಾತ್ರ, ಹತ್ತಿತು, ಆರಿತು, ಮತ್ತೆ ಹತ್ತಿತು, ಯಾರೋ ಆಚೆಯಿಂದ ಕಣ್ಣು ಮಿಟುಕಿಸಿದ ಹಾಗೆ. ಸ್ಟೂಲು ಅಲುಗಿತು, ಚಾವಣಿಗೆ ಅಂಗೈ ಊರಿಕೊಂಡಳು. ಅವರ ಮನೆಯ ಸ್ವಿಚ್ಚು, ಆಚೆ ಕೂತು ಹಾಕುತ್ತಿದ್ದಾರೆ, ಮೇನ್ ಆರಿಸಿದ ನೆಚ್ಚಿಕೆಯಲ್ಲಿ ಬರಿಗೈಯಲ್ಲಿ ಎಷ್ಟು ಹೊತ್ತು ಹಿಡಿದಿದ್ದೆ ಇದನ್ನು, ಆಗ ಹಾಕಿದ್ದಿದ್ದರೆ. ಇಳಿದಳು, ಮೇನ್ ಕೆಳಗೆಳೆದಳು, ಟೆಸ್ಟರನ್ನು ಮುಷ್ಟಿಯಲ್ಲಿ ಹಿಡಿದೇ ಬಾಗಿಲಿಗೆ ನಡೆದಳು, ಬೀದಿಯವರೆಲ್ಲ ಬರಲಿ, ಎಲ್ಲರೆದುರಿಗೆ ಕೇಳುತ್ತೇನೆ, ಏನ್ರೀ ನಿಮ್ಮ ವೈರು ನಮ್ಮ ಮನೇಲಿ ಯಾಕಿದೆ ಅಂತ, ಮೊದಲ ಮಾತು ಬಾಯಲ್ಲಿ ಸಿದ್ಧವಾಗಿದೆ, ಬಾಗಿಲು ತೆಗೆದರೆ ಹೊಸ್ತಿಲಾಚೆ ಕೆಂಪಲಕ್ಷ್ಮಮ್ಮ. ಒಂದು ಕೈಯಲ್ಲಿ ಸ್ಟೀಲಿನ ಬೋಗುಣಿ, ಇನ್ನೊಂದು ಕೈಯ ಹೆಬ್ಬೆರಳು ಬಾಗಿಲ ಚೌಕಟ್ಟಿನ ಬೆಲ್ ಸ್ವಿಚ್ಚಿನ ಮೇಲೆ, ಒತ್ತಿದರೆ ಸದ್ದೇ ಬಾರದ ಸ್ವಿಚ್ಚು, ಸತ್ತಿದೆ ಬಿಡು ಅಂತ ಧರ್ಮೇಶ್ ಬಂದ ದಿನವೇ ಕೈಬಿಟ್ಟದ್ದು. ಸದ್ಯ ತೆಗೆದ್ಯಲ್ಲವ್ವ ಅಂದಳು ಆಕೆ, ಯಾವತ್ತು ಬಂದ್ರೂ ಒತ್ತಿ ಒತ್ತಿ ಹೋಗ್ತಿದ್ದೆ. ಇದು ಬಡ್ಕಳಾಕಿಲ್ಲ ಅಮ್ಮ ಎಂದಳು ಮಾಲಿನಿ, ಟೆಸ್ಟರನ್ನು ಬೆನ್ನ ಹಿಂದೆ ಸರಿಸಿ. ಬಡ್ಕಳಾದಲ್ಲ ಕಣವ್ವ ಇದು, ಸುಮಿತ್ರಮ್ಮಂಗೆ ಕಿವೀನೇ ಕೇಳ್ತಿರಲಿಲ್ವಲ್ಲ, ಇಂದ್ರೇಶನ ತಾಯಿ, ಒತ್ತಿದ್ರೆ ಒಳಗೆ ಕೆಂಪು ಲೈಟು ಹತ್ತೋದು, ನೋಡಿ ಎದ್ದು ಬರೋಳು, ಇಂದ್ರೇಶ ನಿಮಗೆ ಹೇಳಲಿಲ್ವಾ. ನಾವೆಲ್ಲ ಒತ್ತೇ ಅಭ್ಯಾಸ, ಬಾಗಿಲು ಬಡಿದ್ರೆ ಅವಳಿಗೆ ಏನು ಗೊತ್ತಾಗೋದು. ಬೋಗುಣಿ ಕೈ ಬದಲಿಸಿ ಹೇಳಿದಳು, ಬಂದಾಗೆಲ್ಲ ಒಳಗೆ ಟಿ.ವಿ. ಸದ್ದು ಕೇಳ್ತಿತ್ತು, ಲೈಟು ನೋಡೀನೂ ಎದ್ದು ಬರ್ತಿಲ್ಲ ಅಂದ್ಕಂಡ್ವಿ, ಅವತ್ತು ಊಟಕ್ಕೆ ಬರಲಿಲ್ಲ ಅಂತ ಸಿಟ್ಟೇನೋ, ನಮ್ಮಂಥೋರು ನಿಮಗೆ ಬೇಡವೇನೋ ಅಂತ.

ಬೋಗುಣಿಯಲ್ಲಿ ಹಿತುಕಿದ ಅವರೆಬೇಳೆ, ಇವರಿಗೆಂದು ಹಿತುಕಿ ತಂದದ್ದು. ಬನ್ನಿ ಅಮ್ಮ, ಒಳಗೆ ಬನ್ನಿ, ಅಂದಳು ಮಾಲಿನಿ, ಕೆಂಪಲಕ್ಷ್ಮಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು, ಬಂದಳು, ಹೊಸ್ತಿಲು ದಾಟಿಯೇ ಬಂದಳು, ಸೋಫಾದ ಅಂಚಿನಲ್ಲಿ ಕೂತು ಚಾವಣಿಯ ತೂತನ್ನು ನೋಡಿ, ಅಯ್ಯೋ ನೀನೇ ಹತ್ತಿದ್ಯಾ ಮಗ, ಬಿದ್ದುಗಿದ್ದೀಯ ಅಂದಳು, ಗಂಟಲು ಒಣಗೈತೆ, ಒಂದ್ ಲೋಟ ನೀರು ಕೊಡವ್ವ. ತಾನಾಗಿ ಕೇಳಿದಳು, ಯಾರೂ ಬಲವಂತ ಮಾಡಲಿಲ್ಲ, ಹನುಮಮ್ಮನಿಗೆ ಫೋನ್ ಮಾಡಿ ಹೇಳಬೇಕು, ಅವ್ವ, ಬರ್ತಿದ್ದರಂತೆ, ಆ ಹಳದಿ ವೈರಿನ ಲೈಟು ನಮಗೆ ಗೊತ್ತಿರಲಿಲ್ಲ ಅಷ್ಟೆ — ತೊಳೆದ ಲೋಟವನ್ನೇ ಮತ್ತೆ ತೊಳೆದು ನೀರು ತುಂಬಿ ತಂದು ಕೊಟ್ಟಳು, ಕೆಂಪಲಕ್ಷ್ಮಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು, ತಲೆ ಹಿಂದಕ್ಕೆ ಬಾಗಿಸಿದಳು, ಲೋಟವನ್ನು ಮೇಲೆತ್ತಿದಳು, ಮೇಲಿಂದ ಸುರಿದುಕೊಂಡಳು. ಎಲ್ಲರೂ ಹಾಗೇ ಕುಡಿಯುವುದು. ಧರ್ಮೇಶ್ ಹಾಗೇ ಕುಡಿಯುತ್ತಾನೆ, ಕೌಂಟರಿನಲ್ಲಿ ಒಬ್ಬರ ಬಾಟಲಿ ಇನ್ನೊಬ್ಬರು ಹಾಗೇ ಎತ್ತುತ್ತಾರೆ, ಕಚ್ಚಿ ಕುಡಿದರೆ ಅವ್ವನೇ ಬೈಯುತ್ತಿದ್ದಳು, ಅದರಲ್ಲೇನಿದೆ, ಏನೂ ಇಲ್ಲ, ತನ್ನ ಮನೆಯಲ್ಲೂ ಆಕೆ ಹೀಗೇ ಕುಡಿಯುತ್ತಾಳೆ, ಕುಡಿಯುತ್ತಾಳೆಯೇ, ನೋಡಿದವರು ಯಾರು, ಗಂಟಲು ಏಳುತ್ತಿದೆ ಇಳಿಯುತ್ತಿದೆ, ಒಂದು ಹನಿಯೂ ಗಲ್ಲಕ್ಕೆ ಬೀಳುತ್ತಿಲ್ಲ, ಲೋಟದ ಅಂಚು ಮೇಲೆ, ತುಟಿ ಕೆಳಗೆ, ನಡುವೆ ನಾಲ್ಕು ಬೆರಳಷ್ಟು ಜಾಗ, ಅಷ್ಟರಲ್ಲಿ ನೀರು ನೇರಕ್ಕೆ ಇಳಿಯುತ್ತಿದೆ, ಎಲ್ಲರೂ ಹಾಗೇ ಕುಡಿಯುವುದು, ನಾಲ್ಕು ಬೆರಳು, ನೀರು, ನಾಲ್ಕೇ ಬೆರಳು