ಯಾರ ಹಂಗೂ ಇಲ್ಲದವಳ ಫೈಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಕಾರು ಓಡಿಸುವುದನ್ನು ಕಲಿಸಿ ಹೊಟ್ಟೆ ಹೊರೆದವಳು ನಾನು. ಪಕ್ಕದಲ್ಲಿ ಕೂತವನು ಬ್ರೇಕು ಎಂದುಕೊಂಡು ಆಕ್ಸಿಲರೇಟರ್ ಒತ್ತುತ್ತಾನೆ, ಎದುರಿಗೆ ಲಾರಿ ಬರುತ್ತಿರುತ್ತದೆ. ಆಗ 'ದಯವಿಟ್ಟು ಸ್ವಲ್ಪ ಎಡಕ್ಕೆ ಬನ್ನಿ' ಎಂದು ರಾಗ ಎಳೆಯುತ್ತಾ ಕೂರುವುದಕ್ಕಾಗುತ್ತದೆಯೇ? ಕಲಿಸುವ ಕಾರಿನಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಅದನ್ನು ನಾನು ಒತ್ತುವ ರಭಸ ನೋಡಿ ಜನ ನನಗೆ ಬ್ರೇಕ್ ಮೇಡಂ ಎಂದೇ ಹೆಸರಿಟ್ಟಿದ್ದಾರೆ. ಊರಿನ ಅರ್ಧಕ್ಕರ್ಧ ಜನ ನನ್ನ ಕೈಯಲ್ಲಿ ಬೈಸಿಕೊಂಡೇ ಲೈಸೆನ್ಸು ತೆಗೆದುಕೊಂಡವರು.

ಮನೆಯಲ್ಲಿ ಇಬ್ಬರೇ, ನಾನು ಮತ್ತು ನನ್ನ ಸೊಸೆ. ಮಗ ಹೋಗಿ ಕೆಲವು ವರ್ಷಗಳಾದವು. ಜ್ವರ ಎಂದು ಮಲಗಿದವನು ಏಳಲಿಲ್ಲ. ಆ ಮಾತು ತೆಗೆದರೆ ಈ ಕತೆ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೇ ಬಿಡುತ್ತೇನೆ. ಅವರಿಗೆ ಮಕ್ಕಳಾಗಿರಲಿಲ್ಲ. ಸೊಸೆ ತವರಿಗೆ ಹೊರಟುಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು, ಅವಳು ಹೋಗಲಿಲ್ಲ. ನಾನು ಹೋಗು ಎನ್ನಲಿಲ್ಲ, ಇರು ಎಂದೂ ಎನ್ನಲಿಲ್ಲ. ಬೆಳಿಗ್ಗೆ ಅವಳು ಕನ್ನಡಕದ ಅಂಗಡಿಗೆ, ನಾನು ಕಾರಿಗೆ. ಸಂಜೆ ಜೊತೆಗೆ ಊಟ, ಜೊತೆಗೆ ಜಗಳ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಇದೆ. ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟೊಟ್ಟಿಗೇ ನಡೆಯುತ್ತಿತ್ತು.

ಸೊಸೆಯ ಕೆಲಸ ಕನ್ನಡಕದ ಗಾಜನ್ನು ಉಜ್ಜಿ, ಅಂಚು ತೀಡಿ ಫ್ರೇಮಿಗೆ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರಿಗೆ ತಲೆ ಸುತ್ತುತ್ತದಂತೆ. ಅವಳ ಕೈ ಅಷ್ಟು ನಿಖರ. ಅದನ್ನು ಕೇಳಿ ತಿಳಿದ ಪರದೇಶದ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಕುಟುಂಬದವರೊಬ್ಬರನ್ನು ಜೊತೆಗೆ ಕರೆತರಬಹುದು, ಆದರೆ ಅಲ್ಲಿ ವಾಸಿಸುವುದಕ್ಕೆ ಇಬ್ಬರಿಗೂ ಅಲ್ಲಿನ ಸರ್ಕಾರದ ಪರವಾನಗಿ ಬೇಕು ಎಂದು ಬರೆದಿದ್ದರು. ಇವಳು ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಬರೆದು ಕಳಿಸಿಬಿಟ್ಟಿದ್ದಳು. ಗೊತ್ತಾದಾಗ ಬೈದೆ. ಬೈಯುತ್ತಲೇ ಯಾವ ಪೆಟ್ಟಿಗೆ ತೆಗೆದುಕೊಂಡು ಹೋಗುವುದೆಂದು ಯೋಚಿಸತೊಡಗಿದೆ.

ಮಹಡಿ ಮನೆಯಾಕೆ ಮೆಟ್ಟಿಲ ಮೇಲೆ ನಿಂತು ಕೇಳಿದಳು, "ಮಗನೇ ಇಲ್ಲ, ಸೊಸೆ ಯಾಕೆ ನಿಮ್ಮನ್ನ ಹೊತ್ಕೊಂಡು ಹೋಗ್ತಾಳೆ?"

"ಹೊತ್ಕೊಂಡು ಹೋಗೋಕೆ ನಾನೇನು ಹಾಸಿಗೆ ಸುರುಳಿನಾ? ನನ್ನ ಕಾಲ ಮೇಲೆ ನಾನೇ ನಡ್ಕೊಂಡು ಹೋಗ್ತೀನಿ," ಎಂದೆ. ಆಕೆ ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಹೊರಡುವ ಮೊದಲು ಅಂಗಡಿಯಲ್ಲಿ ಮುಗಿಸಿಕೊಡಬೇಕಾದ ಕೆಲಸ ಸೊಸೆಗೆ ರಾಶಿ ಇತ್ತು. "ಕಾಗದ ಪತ್ರದ ಓಡಾಟ ನಂಗೆ ಬಿಡು," ಎಂದೆ.

"ಸರಿ ಅತ್ತೆ. ಆದ್ರೆ ಅವರು ಕಳಿಸಿರೋ ಪಟ್ಟಿ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಏನೋ ಬರ್ದಿದಾರೆ, ಅದನ್ನೊಂದು ಸಲ ಓದಿ."

"ಓದ್ತೀನಿ ಬಿಡೇ. ನೀನು ಹುಟ್ಟೋ ಮೊದಲಿಂದ ಸರ್ಟಿಫಿಕೇಟು ನೋಡ್ತಿದೀನಿ."

ಓದಲಿಲ್ಲ. ಡಾಕ್ಟರ ಪತ್ರ ಬೇಕು, ಮನೆ ಮಾಲೀಕರ ಪತ್ರ ಬೇಕು ಎನ್ನುವುದು ದಪ್ಪ ಅಕ್ಷರದಲ್ಲಿತ್ತು, ನನಗೆ ಅಷ್ಟು ಸಾಕಾಗಿತ್ತು. ಹಳೆಯ ಗಾಡಿಯನ್ನು ತಪಾಸಣೆಗೆ ಒಯ್ಯುವ ಮೊದಲು ನಾವು ಏನು ಮಾಡುತ್ತೇವೆ? ತೊಳೆಯುತ್ತೇವೆ, ಎಣ್ಣೆ ಬಿಡುತ್ತೇವೆ, ಲಟಲಟ ಎನ್ನುವ ಬಾಗಿಲನ್ನು ಬಿಗಿ ಮಾಡುತ್ತೇವೆ. ತೂತು ಬಿದ್ದ ಜಾಗವನ್ನು ತಾವಾಗಿ ತೋರಿಸುವವರು ಯಾರಾದರೂ ಇದ್ದಾರೆಯೇ? ನನ್ನನ್ನೂ ಹಾಗೆಯೇ ಥಳಥಳ ಮಾಡಿ ನಿಲ್ಲಿಸಬೇಕು ಎಂದುಕೊಂಡೆ.

ಮೊದಲು ಡಾಕ್ಟರ ಹತ್ತಿರ ಹೋದೆ. ಆತನೂ ನನ್ನ ಶಿಷ್ಯನೇ. ಕಲಿಯುವಾಗ ಗಾಡಿಯನ್ನು ಸದಾ ಮೂರನೇ ಗಿಯರಿನಲ್ಲೇ ಎಬ್ಬಿಸುತ್ತಿದ್ದ, ಅದಕ್ಕೇ ಮೂರನೇ ಗಿಯರ್ ಎಂದು ಕರೆಯುತ್ತಿದ್ದೆ. ಈಗ ದೊಡ್ಡ ಡಾಕ್ಟರು, ತಲೆಯೂ ನರೆತಿದೆ. ಆದರೂ ನಾನು ಒಳಗೆ ಹೋದರೆ ಕುರ್ಚಿಯಲ್ಲಿ ನೆಟ್ಟಗಾಗುತ್ತಾನೆ.

"ಯಾವುದಕ್ಕೆ ಮೇಡಂ ಸರ್ಟಿಫಿಕೇಟು?"

"ಪರದೇಶಕ್ಕೆ. ಚೆನ್ನಾಗಿ ಬರಿ."

ಕಣ್ಣು, ಕಿವಿ, ಎದೆ ಎಲ್ಲ ನೋಡಿದ. "ಮಂಡಿ ನೋವು ಅಂದಿದ್ರಲ್ಲ ಹೋದ ಸಲ?"

"ಅದೊಂದನ್ನ ಬಿಟ್ಟು ಬರಿ. ಮಂಡಿ ಹಿಡ್ಕೊಂಡು ಕೂತೋಳನ್ನ ಯಾವ ದೇಶದವರು ಒಳಗೆ ಬಿಡ್ತಾರೆ?"

ಆತ ಮಾತು ಮೀರಲಿಲ್ಲ. ದೃಷ್ಟಿ ಚೆನ್ನಾಗಿದೆ, ಶ್ರವಣ ಚೆನ್ನಾಗಿದೆ, ಕೈಕಾಲು ಗಟ್ಟಿಮುಟ್ಟಾಗಿವೆ, ಇವರಿಗೆ ದಿನನಿತ್ಯದ ಬದುಕಿನಲ್ಲಿ ಯಾರ ಸಹಾಯವೂ ಬೇಕಿಲ್ಲ ಎಂದು ಬರೆದ. ಎರಡು ಸಲ ಗಟ್ಟಿಯಾಗಿ ಓದಿಸಿ ಕೇಳಿದೆ. ಎಷ್ಟು ಕೇಳಿದರೂ ಸಾಲದು ಎನ್ನಿಸಿತು.

ಮನೆ ಮಾಲೀಕರು ನಿವೃತ್ತರಾದ ಮೇಲೆ ನನ್ನ ಬಳಿ ಕಾರು ಕಲಿತವರು. ಗೇಟಿಗೆ ಗುದ್ದಿದ್ದನ್ನು ನಾನು ಅವರ ಹೆಂಡತಿಗೆ ಹೇಳಿರಲಿಲ್ಲ. ಆ ಕೃತಜ್ಞತೆಯಿಂದಲೋ ಏನೋ, ಪುಟ ತುಂಬ ಬರೆದರು. ಬಾಡಿಗೆ ತಪ್ಪದೆ ಕಟ್ಟುವವರು ಇವರೇ, ನೀರಿನ ಪಂಪು ಕೆಟ್ಟರೆ ಬಿಚ್ಚಿ ಸರಿ ಮಾಡುವವರು ಇವರೇ, ಪತಿಯನ್ನು ಕಳೆದುಕೊಂಡ ಸೊಸೆಗೆ ಆಸರೆಯಾಗಿ ನಿಂತಿರುವವರೂ ಇವರೇ. ಓದಿ ನನಗೇ ನನ್ನ ಮೇಲೆ ಗೌರವ ಬಂತು. ಎರಡನ್ನೂ ಹೊಸ ಫೈಲಿನಲ್ಲಿ ಸೇರಿಸಿ, ಲೈಸೆನ್ಸಿನ ಪ್ರತಿಯನ್ನು ಮೇಲಿಟ್ಟು, ಸೊಸೆಯ ಮುಂದೆ ಹಾಕಿದೆ. ಪರವಾನಗಿ ಕಚೇರಿಗೆ ಹೋಗಬೇಕಾದದ್ದು ಮಾರನೆಯ ಬೆಳಿಗ್ಗೆ.

ಅವಳು ಅಡುಗೆಮನೆಯ ಮೇಜಿಗೆ ಒರಗಿ ಓದತೊಡಗಿದಳು. ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ಏನೇ ಅದು?"

"ಅತ್ತೆ, ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೀರಿ. ಸಣ್ಣ ಅಕ್ಷರ ಓದಿದ್ರಾ?" ಅವಳೇ ಓದಿದಳು. ಅರ್ಜಿದಾರರ ಆಸರೆಯಲ್ಲಿ ಬದುಕುತ್ತಿರುವ ಕುಟುಂಬದವರಿಗೆ ಮಾತ್ರ ಪರವಾನಗಿ, ಜೊತೆಗಿರುವ ಪತ್ರಗಳು ಅದನ್ನು ತೋರಿಸಬೇಕು. "ನೀವು ನನ್ನ ಆಸರೇಲಿದೀರಿ ಅಂತ ತೋರಿಸಬೇಕಿತ್ತು. ಈ ಫೈಲಿನ ಪ್ರಕಾರ ನಾನೇ ನಿಮ್ಮ ಆಸರೇಲಿದೀನಿ."

"ಸುಳ್ಳೇನೂ ಬರೆದಿಲ್ಲವಲ್ಲ."

"ನಾಳೆ ಕೇಳ್ತಾರೆ ಅತ್ತೆ. ಒಂದು ಮಾತು ಹೇಳಿಬಿಡಿ. ಹೂಂ, ಸೊಸೇನೇ ಆಸರೆ ಅಂತ. ಕಾಗದದ ಮಟ್ಟಿಗೆ."

ನನಗೆ ರೇಗಿತು. "ಕಾಗದದ ಮಟ್ಟಿಗೂ ಇಲ್ಲ. ಯಾರ ಹಂಗಿನಲ್ಲೂ ಒಂದು ದಿನ ಬಾಳಿದೋಳಲ್ಲ ನಾನು. ನಿಂಗೆ ಭಾರ ಅನ್ನಿಸ್ಕೊಂಡು ಬರೋಕಿಂತ ಇಲ್ಲೇ ಇರ್ತೀನಿ. ನೀನೊಬ್ಳೇ ಹೋಗು."

"ಹಾಗಾದ್ರೆ ನಾನೂ ಹೋಗಲ್ಲ," ಎಂದು ಫೈಲು ಮಡಿಚಿ ಚೀಲಕ್ಕೆ ಹಾಕಿದಳು. ದನಿ ಏರಿಸಲೇ ಇಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ಅವಳು ಹೇಳಿದ್ದನ್ನು ಮಾಡುವವಳು. ನಾನು ಹಟ ಹಿಡಿದರೆ ಅವಳ ಕೆಲಸ ಹೋಗುತ್ತದೆ, ಮತ್ತೆ ಅಂಥದ್ದು ಸಿಗುವುದಿಲ್ಲ. ಅವಳ ಅನ್ನಕ್ಕೆ ನಾನೇ ಕಲ್ಲು ಹಾಕಿದ ಹಾಗಾಗುತ್ತದೆ. ಕಚೇರಿಯೊಳಗೆ ಹೋಗಿ ಕಾಗದ ಕೊಟ್ಟು, 'ನನ್ನನ್ನು ಬಿಟ್ಟು ಇವಳೊಬ್ಬಳನ್ನೇ ಕಳಿಸಿ' ಎಂದು ಹೇಳಿಬಿಡುವುದೆಂದು ನಿಶ್ಚಯಿಸಿದೆ. ಆಗ ಯಾರ ಹಂಗೂ ಇರುವುದಿಲ್ಲ. ನಿಶ್ಚಯಿಸಿದ ಮೇಲೆ ಕಿಟಕಿಯಾಚೆಗೆ ನೋಡುತ್ತಾ ಕೂತೆ, ನೋಡಿದ್ದೇನೂ ತಲೆಗೆ ಹೋಗಲಿಲ್ಲ.

ದೊಡ್ಡ ಹಾಲು. ಉದ್ದಕ್ಕೆ ಸ್ಟೀಲಿನ ಕುರ್ಚಿಗಳು, ಗೋಡೆಯ ಮೇಲೆ ಕೆಂಪು ಅಂಕಿ. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಫೈಲು. ಎಲ್ಲರೂ ಅದನ್ನು ಎಳೆಗೂಸಿನಂತೆ ಅವಚಿಕೊಂಡಿದ್ದರು. ನಮ್ಮ ಅಂಕಿ ಬಂತು. ಗಾಜಿನ ಆಚೆ ಕೂತಿದ್ದ ಅಧಿಕಾರಿ ಸೊಸೆಯ ವಯಸ್ಸಿನ ಹೆಂಗಸು. ನನ್ನ ಹತ್ತಿರ ಕಲಿತವಳಲ್ಲ ಎಂದು ಮುಖ ನೋಡಿದ ಕೂಡಲೇ ಗೊತ್ತಾಯಿತು. ನನ್ನನ್ನು ಕಂಡು ಹೆದರಲಿಲ್ಲ.

ಡಾಕ್ಟರ ಪತ್ರ ಓದಿದಳು. ಮಾಲೀಕರ ಪತ್ರ ಓದಿದಳು. ಕೆಮ್ಮುವವಳ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ಇವರಿಗೆ ನೀವು ಆಸರೆ ಅಂತ ಅರ್ಜಿ ಹಾಕಿದೀರಿ. ಈ ಪತ್ರ ನೋಡಿದ್ರೆ ಇವರು ನಿಮ್ಮನ್ನೂ ಸಾಕ್ತಾರೆ, ನನ್ನನ್ನೂ ಸಾಕ್ತಾರೆ," ಎಂದಳು.

ಸೊಸೆ ಬಾಯಿ ತೆರೆದಳು. ಅಧಿಕಾರಿ ಕೈಯೆತ್ತಿ ತಡೆದಳು. "ನೀವು ಬೇಡ, ಅವರೇ ಹೇಳಲಿ. ಅಮ್ಮಾ, ನೀವು ದುಡೀತೀರಿ. ಗಟ್ಟಿಯಾಗಿದೀರಿ. ನಿಮ್ಮ ಸೊಸೆ ಒಬ್ಬರೇ ಹೋದ್ರೆ ನಿಮಗೇನು ಕಮ್ಮಿ ಆಗುತ್ತೆ?"

"ಏನೂ ಕಮ್ಮಿ ಆಗ..." ಎಂದೆ. ಮಾತಿನ ನಡುವೆ ಪಕ್ಕಕ್ಕೆ ತಿರುಗಿದೆ. ಸೊಸೆ ನನ್ನ ಕಡೆ ನೋಡಲಿಲ್ಲ, ಗಾಜಿನ ಅಂಚನ್ನು ಬೆರಳಿನಿಂದ ತೀಡುತ್ತಾ ನಿಂತಿದ್ದಳು. ಅವಳಿಲ್ಲದ ಮನೆ ನನ್ನ ಕಣ್ಣ ಮುಂದೆ ಬಂತು. ಬಾಗಿಲು ತೆರೆದು ಒಳಗೆ ಹೋಗುತ್ತೇನೆ, ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ ಎಂದು ಕೇಳುವವರು ಯಾರೂ ಇಲ್ಲ. ನನಗೆ ಭಯವಾಯಿತು. ಲಾರಿಗಳ ಮುಂದೆಯೂ ಆಗದಿದ್ದ ಭಯ.

"ಕಮ್ಮಿ ಆಗುತ್ತೆ," ಎಂದೆ. "ಅಡುಗೆ ನಾನೇ ಮಾಡ್ಕೋತೀನಿ, ಬಾಡಿಗೆ ನಾನೇ ಕಟ್ತೀನಿ, ಅದೆಲ್ಲ ನಿಜ. ಆದ್ರೆ ಮಗ ಹೋದ್ಮೇಲೆ ನಾನು ಬೆಳಿಗ್ಗೆ ಏಳ್ತಿರೋದೇ ಇವಳಿಗೆ ಡಬ್ಬಿ ಕಟ್ಟಬೇಕಲ್ಲ ಅಂತ. ಸಂಜೆ ಮನೆಗೆ ಬರೋದು ಇವಳು ಬಂದಿರ್ತಾಳಲ್ಲ ಅಂತ. ಇವಳು ಹೊರಟುಹೋದ್ರೆ ನಾನು ಯಾರನ್ನ ಬೈಲಿ? ಕಾರು ಇರುತ್ತೆ, ಮನೆ ಇರುತ್ತೆ, ಒಲೆ ಇರುತ್ತೆ. ನಾನೇ ಇರಲ್ಲ. ಡಾಕ್ಟರಿಗೆ ಇದೆಲ್ಲ ಕಾಣ್ಸಲ್ಲ. ಇವಳ ಆಸರೇಲೇ ಇದೀನಿ ಕಣಮ್ಮಾ. ಬರ್ಕೋ."

ಹಿಂದಿನ ಕುರ್ಚಿಯವರೆಲ್ಲ ಕೇಳಿಸಿಕೊಂಡಿರಬೇಕು. ನನ್ನ ದನಿ ಯಾವಾಗಲೂ ಗಾಡಿಯ ಸದ್ದನ್ನು ಮೀರಿಸುವಂಥದ್ದು.

"ಬೈಯೋದಕ್ಕೆ ನಮ್ಮಲ್ಲಿ ಕಾಲಂ ಇಲ್ಲ," ಎಂದಳು ಅಧಿಕಾರಿ. "ಬೇರೆ ಮಕ್ಕಳು?"

"ಇಲ್ಲ."

"ಅಣ್ಣ ತಮ್ಮ, ಅಕ್ಕ ತಂಗಿ?"

"ಯಾರೂ ಇಲ್ಲ. ಇವಳೇ."

ಅವಳು ಒಂದು ಬಿಳಿ ಹಾಳೆಯನ್ನು ಗಾಜಿನ ಕೆಳಗಿಂದ ತಳ್ಳಿದಳು. "ಆಸರೆ ಅಂದ್ರೆ ದುಡ್ಡಿನದು ಒಂದೇ ಅಂತ ನಿಯಮ ಹೇಳಲ್ಲ. ಬೇರೆ ಯಾರೂ ಇಲ್ಲದೆ ಒಂದೇ ಮನೇಲಿ ಬಾಳಿದೋರಿಗೂ ಜಾಗ ಇದೆ. ಈಗ ಹೇಳಿದ್ದನ್ನೇ ಬರ್ದು ಸಹಿ ಹಾಕಿ. ಡಾಕ್ಟರ ಹತ್ರ ಇನ್ನೊಂದು ಪತ್ರ ತನ್ನಿ. ಕುಂಟ್ಕೊಂಡು ಬಂದ್ರಿ, ಮಂಡಿ ವಿಷಯ ಯಾಕೆ ಬರೆದಿಲ್ಲ ಆತ?"

"ಬರೀಬೇಡ ಅಂತ ನಾನೇ ಹೆದರಿಸಿದ್ದು," ಎಂದೆ.

ಈ ಸಲ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ ನಕ್ಕಳು. ಬರೆದುಕೊಟ್ಟೆ. ಸೊಸೆಯ ಆಸರೆಯಲ್ಲಿದ್ದೇನೆ ಎನ್ನುವ ಸಾಲನ್ನು ದಪ್ಪ ಅಕ್ಷರದಲ್ಲೇ ಬರೆದೆ. ಅಧಿಕಾರಿ ಅದರ ಮೇಲೆ ಮೊಹರು ಒತ್ತಿ, ಮಂಡಿಯ ಪತ್ರ ಬಂದರೆ ಇನ್ನೇನೂ ತೊಡಕಿಲ್ಲ ಎಂದು ಕಳಿಸಿದಳು. ಮಂಡಿಯ ಪತ್ರವನ್ನು ಮೂರನೇ ಗಿಯರ್ ಸಂತೋಷವಾಗಿಯೇ ಕೊಟ್ಟ, ಪರವಾನಗಿಯೂ ಇಬ್ಬರಿಗೂ ಬಂತು. ಅದೆಲ್ಲ ಆಮೇಲಿನ ಮಾತು.

ಕಚೇರಿಯ ಮೆಟ್ಟಿಲಿಳಿದು ಬೀದಿಗೆ ಬಂದೆವು. ಸೊಸೆ ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತಳು. ಅಳುತ್ತಿದ್ದಳು. ಮಗ ಹೋದಾಗಲೂ ನನ್ನೆದುರು ಹಾಗೆ ಅತ್ತವಳಲ್ಲ.

"ಯಾಕೇ, ಕೆಲಸ ಆಯ್ತಲ್ಲ!" ಎಂದು ಗದರಿದೆ.

"ಮಾತು ಮಾತಿಗೂ, ನಂಗೆ ಯಾರೂ ಬೇಡ, ನಾಳೆನೇ ಬೇರೆ ಮನೆ ಮಾಡ್ತೀನಿ ಅಂತಿದ್ರಿ," ಎಂದಳು. "ನಾನು ದಿನಾ ಸಂಜೆ ನಿಮ್ಮ ಕಾರಿನ ಸದ್ದು ಕೇಳೋವರೆಗೂ ಕಿಟಕಿ ಬಿಟ್ಟು ಕದಲ್ತಿರಲಿಲ್ಲ. ಇವತ್ತು ಬರ್ತಾರೋ ಇಲ್ಲ ನನ್ನನ್ನ ಬಿಟ್ಟು ಹೊರಟೇ ಹೋದ್ರೋ ಅಂತ. ಇಷ್ಟು ವರ್ಷ, ಅತ್ತೆ. ಈಗ ಹೇಳಿದ್ರಲ್ಲ ಒಳಗೆ, ಅದನ್ನ ಮನೇಲಿ ಒಂದು ಸಲ ಹೇಳಬಾರದಿತ್ತಾ?"

ಸೆರಗಿನಿಂದ ಅವಳ ಮುಖ ಒರೆಸಿದೆ. ಬಸ್ಸಿನವರೆಗೂ ಅವಳ ಕೈಯನ್ನು ಬಿಡದೆ ಹಿಡಿದುಕೊಂಡೇ ನಡೆದೆ. ಅವಳು ಮಂಡಿ ನೋವೇ ಎಂದು ಕೇಳಿದಳು. ಅಲ್ಲ ಎಂದೆ.