ಎದೆಯೊಳಗಿನ ಕದ

ನಂಜನಗೂಡಿನ ಬೆಲ್ಲದ ವ್ಯಾಪಾರಿ ಸಿದ್ದಮಲ್ಲಪ್ಪನ ಹೆಂಡತಿ ಪುಟ್ಟಬಸಮ್ಮನಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಅವಳ ಕೊರಳಿನ ಲಿಂಗದ ಕರಡಿಗೆಯನ್ನು ಪಕ್ಕಕ್ಕೆ ಸರಿಸಲು ಹೇಳಿ, ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಆಲಿಸಿದರು.

“ರಕ್ತ ಹಾಯುವ ಕದವೊಂದು ಹೃದಯದೊಳಗೆ ಅಂಟಿಕೊಂಡು ಕಿರಿದಾಗಿದೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದ ಕೆಲಸ. ಚಾಕುವಿನಿಂದ ಬಿಡಿಸಬಹುದೇನೋ ಅಂತ ಲಂಡನ್ನಿನವರೊಬ್ಬರು ಹೋದ ವರ್ಷ ಬರೆದಿದ್ದಾರೆ. ಹೆಣಗಳ ಮೇಲೆ ಮಾಡಿ ನೋಡಿದ್ದಾರಂತೆ. ಜೀವ ಇರುವವರ ಮೇಲೆ ಯಾರೂ ಕೈಯಿಟ್ಟಿಲ್ಲ.”

“ಅಂಗಾರೆ ಸತ್ಮೇಲೆ ನಂದ ಬಿಚ್ಚಿ ನೋಡಿ ಸಾ. ನಮ್ ಗೌರಿಗೂ ಇದೇ ಬ್ಯಾನೆ.” ಗಂಡ ಬೆಚ್ಚಿದ್ದು ಕಂಡು ಪುಟ್ಟಬಸಮ್ಮ ನಕ್ಕಳು. “ಅಚ್ಚು ಒಡೀದೆ ಒಳಗ್ಲ ಬೆಲ್ಲ ಎಂಗೈತೆ ಅಂತ ಏಳ್ತೀರಾ ನೀವು? ಕೊಡ್ತೀನಿ ಅನ್ನಿ.”

ಒಂಬತ್ತು ವರ್ಷದ ಮಗಳು ಮಂಗಳಗೌರಿ ಅಲ್ಲೇ ನಿಂತಿದ್ದಳು. ಸಿದ್ದಮಲ್ಲಪ್ಪ ಲಿಂಗ ಮುಟ್ಟಿ, “ಕೊಡ್ತೀನಿ,” ಎಂದ.

ಶ್ರಾವಣದಲ್ಲಿ ಅವಳು ಹೋದಳು. ಮಾರನೆಯ ಬೆಳಗ್ಗೆ ಅವಳ ಅಣ್ಣ ಶಿವಸ್ವಾಮಿ ನರಸೀಪುರದಿಂದ ಗಾಡಿ ಹೂಡಿಕೊಂಡು ಬರುವ ಹೊತ್ತಿಗೆ ಗುಂಡಿ ಸಿದ್ಧವಾಗಿತ್ತು. ಹೆಣವನ್ನು ಕೂರಿಸಿ, ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇರಿಸಿದ್ದರು. ಸುದ್ದಿ ಕೇಳಿ ಬಂದ ಡಾಕ್ಟರು ಅಂಗಳದಲ್ಲಿ ಪೇಟ ತೆಗೆದು ನಿಂತರು.

“ಇವ್ರ್ಯಾಕೆ ಬಂದವ್ರೆ ಬಾವಾ?” ಶಿವಸ್ವಾಮಿ ಕೇಳಿದ.

ಲಿಂಗ ಹಿಡಿದ ಮೈಗೆ ಕತ್ತಿ ತಾಗಿತೆಂದರೆ ಜಂಗಮರು ಅದರ ತಲೆಯ ಮೇಲೆ ಪಾದವಿಡುತ್ತಾರೆಯೇ? ಬಂಧುಗಳು ಮಣ್ಣು ಹಾಕುತ್ತಾರೆಯೇ?

“ಸುಮ್ಕೆ, ನೋಡ್ಕಂಡೋಗಾಕೆ,” ಎಂದ ಸಿದ್ದಮಲ್ಲಪ್ಪ. ಡಾಕ್ಟರು ತಲೆ ತಗ್ಗಿಸಿ ಹೊರಟುಹೋದರು.

ಅಂದಿನಿಂದ ಶುರುವಾಯಿತು. ಪೂಜೆಗೆಂದು ಸಿದ್ದಮಲ್ಲಪ್ಪ ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಅದು ಮಿಡಿಯುತ್ತಿತ್ತು. ನೆಟ್ಟಗಿನ ಮಿಡಿತವಲ್ಲ, ಬೀಸುಕಲ್ಲಿಗೆ ಹರಳು ಸಿಕ್ಕಿದ ಹಾಗೆ ತಡೆದು, ಉಜ್ಜಿ, ಮತ್ತೆ ತಡೆದು. ಹಾಲುಗಲ್ಲದ ದಿನಗಳಿಂದ ಬಂದ ಮಂತ್ರ ಅರ್ಧಕ್ಕೇ ಮರೆತುಹೋಗುತ್ತಿತ್ತು. ಒಮ್ಮೆ ಲಿಂಗ ಅಂಗೈಯಿಂದ ಜಾರಿಯೇಬಿಡುವುದರಲ್ಲಿತ್ತು. ಅಂದೇ ಮಗಳ ಕೈ ಹಿಡಿದು ಡಾಕ್ಟರಲ್ಲಿಗೆ ನಡೆದ.

“ಗುಂಡಿ ತೆಗುಸ್ತೀನಿ ಬನ್ನಿ ಸಾ. ಯಾರೇನಂದ್ರೂ ಸರಿ.”

“ನಲವತ್ತು ದಿನ ಆಯ್ತಲ್ಲ ಸಾವ್ಕಾರ್ರೇ,” ಡಾಕ್ಟರು ಮೆಲ್ಲಗೆ ಹೇಳಿದರು. “ಒಳಗೆ ನೋಡೋಕೆ ಏನೂ ಉಳಿದಿರೋಲ್ಲ. ಅವತ್ತು ಸಿಕ್ಕಿದ್ರೂ ಈ ಮಗುವಿನ ಎದೆ ಮುಟ್ಟೋ ಧೈರ್ಯ ಬರ್ತಿತ್ತು ಅಂತ ನಾ ಹೇಳಲಾರೆ. ಇವಳ ಕದ ಹೇಗಿದೆ ಅನ್ನೋದಾದ್ರೂ ಗೊತ್ತಾಗ್ತಿತ್ತು.”

ಮೆಟ್ಟಿಲಿಳಿಯುವಾಗ ಗೌರಿ ನಿಂತುಬಿಟ್ಟಳು. ಏದುಸಿರು.

“ಅವ್ವ ಕೊಡಿ ಅಂದಿದ್ಲಲ್ಲಪ್ಪಾ. ನೀನ್ಯಾಕೆ ಕೊಡ್ನಿಲ್ಲ?”

ಸಿದ್ದಮಲ್ಲಪ್ಪನ ಕೈ ಕೊರಳಿನ ಲಿಂಗದತ್ತ ಹೋಗಿ ಅರ್ಧದಲ್ಲೇ ನಿಂತಿತು. ಮಗಳು ಮೆಟ್ಟಿಲ ಮೇಲೆ ಕುಳಿತು, ಅವನ ಮುಖವನ್ನೇ ನೋಡುತ್ತ, ಉಸಿರಿಗಾಗಿಯೂ ಉತ್ತರಕ್ಕಾಗಿಯೂ ಕಾದಳು.